ತಪ್ಪು ಉತ್ತರದ ಡೋಲು

ಶನಿವಾರ ಬೆಳಿಗ್ಗೆ ಹತ್ತೂಮುಕ್ಕಾಲು. ಒಸಾಕಾದ ಶವಸಂಸ್ಕಾರ ಭವನದಲ್ಲಿ ತೊಗಾಶಿಯವರ ಶವಪೆಟ್ಟಿಗೆಯಲ್ಲಿ ಹೂವಿಡುವ ಸರದಿ ನಡೆದಿತ್ತು. ಒಂದೂವರೆಗೆ ಸ್ಟುಡಿಯೊದಲ್ಲಿ ಎರಡು ಕಂತುಗಳ ಚಿತ್ರೀಕರಣ. ನಿರ್ಮಾಪಕ ಇನುಕಾಯ್ ಕೈಯಲ್ಲಿ ಸೇವಂತಿಗೆ ಹಿಡಿದುಕೊಂಡೇ ಮತ್ತೆ ಗಡಿಯಾರ ನೋಡಿದರು.

“ಯಾಕಪ್ಪಾ ಚಡಪಡಿಸ್ತೀಯ? ಅವನಿವತ್ತು ಡೋಲು ಹೊಡೆಯಲ್ಲ ಬಿಡು,” ಎಂದರು ಹಿಂದೆ ನಿಂತಿದ್ದ ಶಿಮೆಕೊ. ಎಂಬತ್ತೊಂದು ವರ್ಷದ ಈ ಹಾಸ್ಯನಟಿ, ಭಾನುವಾರ ಸಂಜೆಯ ‘ಐವರ ಸಾಲು’ ಕಾರ್ಯಕ್ರಮದಲ್ಲಿ ಮೊದಲಿನಿಂದಲೂ ಇದ್ದವರು. ಐದು ಜನ ಸಾಲಾಗಿ ಕೂತು ಪ್ರಶ್ನೆಗಳಿಗೆ ಉತ್ತರ ಹೇಳುವ ಆಟ. ಉತ್ತರ ತಪ್ಪಾದರೆ ಪರದೆಯ ಹಿಂದಿನಿಂದ ಡೋಲಿನ ಒಂದು ಪೆಟ್ಟು. ಮೂವತ್ತೊಂಬತ್ತು ವರ್ಷ ಆ ಪೆಟ್ಟು ಹೊಡೆದವರು ತೊಗಾಶಿ. ಅವರ ಮುಖ ಒಮ್ಮೆಯೂ ಟಿವಿಯಲ್ಲಿ ಬಂದಿರಲಿಲ್ಲ.

“ನನ್ನ ಗಂಡ ಕೂಡ ನನಗೆ ಇಷ್ಟು ಸಲ ತಪ್ಪು ಅಂದಿಲ್ಲ,” ಎಂದು ಶಿಮೆಕೊ ಮೂಗೊರೆಸಿಕೊಂಡರು.

ತೊಗಾಶಿಯವರ ಹೆಂಡತಿ ಫುಸಾಯೆ ಲಕೋಟೆಯೊಂದನ್ನು ಹಿಡಿದು ಬಂದರು. “ಇನುಕಾಯ್ ಸಾರ್, ಇವತ್ತಿನ ಸ್ಕ್ರಿಪ್ಟು. ಬುಧವಾರ ಅಂಚೇಲಿ ಬಂತು.”

ಇನುಕಾಯ್ ಲಕೋಟೆ ತೆಗೆದುಕೊಂಡರು. ಮೊದಲ ಪುಟದಲ್ಲಿ ತಾವೇ ಬರೆಸಿದ ಸಾಲಿತ್ತು: ‘ಈ ಕಂತಿನಿಂದ ಡೋಲು ಇಲ್ಲ. ಸದ್ದು ಕಂಪ್ಯೂಟರಿನಿಂದ.’ ತೊಗಾಶಿಯವರಿಗೆ ಎದುರಿಗೇ ಹೇಳಬೇಕೆಂದು ಎರಡು ತಿಂಗಳಿಂದ ಅಂದುಕೊಂಡಿದ್ದರು. ಹೇಳುವ ಮೊದಲೇ ಕಚೇರಿಯವರು ವಾಡಿಕೆಯಂತೆ ಎಲ್ಲರ ಮನೆಗೂ ಪ್ರತಿ ಕಳಿಸಿಬಿಟ್ಟಿದ್ದರು. ಬುಧವಾರ ರಾತ್ರಿ ತೊಗಾಶಿ ಹೃದಯಾಘಾತದಿಂದ ತೀರಿಕೊಂಡರು.

ಲಕೋಟೆಯ ಅಂಚನ್ನು ಕತ್ತರಿಯಿಂದ ಕತ್ತರಿಸಲಾಗಿತ್ತು.

*

ಮೂವತ್ತೊಂದು ವರ್ಷದ ಹಿಂದೆ, ಹೊಸ ವರ್ಷದ ನೇರ ಪ್ರಸಾರ. ಅಂದಿನ ಅತಿಥಿ ಪ್ರಾಯೋಜಕ ಕಂಪನಿಯ ಅಧ್ಯಕ್ಷರು. ಕೆಲಸಕ್ಕೆ ಹೊಸಬರಾಗಿದ್ದ ಇನುಕಾಯ್, “ಅವರಿಗೊಬ್ಬರಿಗೆ ಹೊಡೀಬೇಡಿ ಸಾರ್,” ಎಂದು ಬೇಡಿಕೊಂಡರು.

ತೊಗಾಶಿ ನೇರವಾಗಿ ಅಧ್ಯಕ್ಷರ ಕೋಣೆಗೆ ಹೋಗಿ ಬಾಗಿ ನಮಸ್ಕರಿಸಿದರು. “ನಾನು ತೊಗಾಶಿ, ಡೋಲಿನವನು. ತಪ್ಪು ಹೇಳಿದ್ರೆ ಹೊಡೀತೀನಿ. ಬೇಜಾರಾಗ್ಬೇಡಿ.”

ಅಂದು ಅಧ್ಯಕ್ಷರ ಉತ್ತರಗಳಿಗೆ ಮೂರು ಸಲ ಹೊಡೆದರು. ಪ್ರತಿ ಚಿತ್ರೀಕರಣಕ್ಕೂ ಮೊದಲು ಐದೂ ಜನರ ಬಳಿ ಹೋಗಿ ಹಾಗೆ ಹೇಳಿ ಬರುವುದು ಅವರ ಪದ್ಧತಿಯಾಗಿತ್ತು.

*

“ಓದಿದ್ರಾ ಅವರು?” ಇನುಕಾಯ್ ಕೇಳಿದರು.

“ಓದಿದ್ದು ನಾನು. ಅವ್ರು ಸ್ನಾನಕ್ಕೆ ಹೋಗಿದ್ರು. ಆಮೇಲೆ ಎರಡು ಸಲ ಕೇಳಿದ್ರು, ಬಂತಾ ಅಂತ. ಇಲ್ಲ ಅಂದೆ.”

ಇನುಕಾಯ್ ನಿರಾಳವಾಗಿ ಉಸಿರು ಬಿಟ್ಟರು. ಫುಸಾಯೆ ಅದನ್ನು ಗಮನಿಸಿದರು.

“ಅಷ್ಟು ಬೇಗ ಹಗುರಾಗ್ಬೇಡಿ. ಮುಚ್ಚಳ ಹಾಕೋಕೆ ಮುಂಚೆ ನೀವೇ ಹೇಳಿ ಅವ್ರಿಗೆ.”

“ಈಗಲಾ? ಇಷ್ಟು ಜನರ ಮುಂದೆ...”

“ನಾವೆಲ್ಲ ಓದಿದೀವಪ್ಪಾ,” ಎಂದರು ಶಿಮೆಕೊ. “ಅವನೊಬ್ಬನಿಗೇ ಗೊತ್ತಿಲ್ಲ.”

ಭವನದ ನೌಕರ ಮುಚ್ಚಳ ಹಿಡಿದು ಕಾಯುತ್ತಿದ್ದ. ಇನುಕಾಯ್ ಪೆಟ್ಟಿಗೆಯ ಮೇಲೆ ಬಾಗಿ ಆ ಸಾಲನ್ನು ಓದಿದರು.

“ಕೇಳಿಸ್ಲಿಲ್ಲ,” ಎಂದರು ಫುಸಾಯೆ.

ಇನುಕಾಯ್ ಜೋರಾಗಿ ಇನ್ನೊಮ್ಮೆ ಓದಿದರು.

ಚಿತ್ರೀಕರಣ ನಲವತ್ತು ನಿಮಿಷ ತಡವಾಗಿ ಶುರುವಾಯಿತು. ಮೊದಲ ಸುತ್ತಿನಲ್ಲಿ ಶಿಮೆಕೊ ಪರದೆಯ ಕಡೆ ನೋಡುತ್ತಲೇ ಆರು ತಪ್ಪು ಉತ್ತರ ಹೇಳಿದರು. ಆರೂ ಸಲ ಕಂಪ್ಯೂಟರಿನ ಸದ್ದು ಸರಿಯಾಗಿಯೇ ಬಂತು.