ಶವರ್ ನೀರಿನಲ್ಲಿ ಫಿಂಟನ್ ದೊಡ್ಡಪ್ಪನ ಕೈ

ನಮ್ಮ ರಾಸ್‌ಕಾಮನ್ ಜಿಲ್ಲೆಯ ಕಡೆಯ ಮನೆಗಳಲ್ಲಿ ನೀರಿಗೆ ಕೆಳಗಿಳಿಯಲು ಬಲು ಸೋಮಾರಿತನ. ಟ್ಯಾಂಕ್ ಇರುವುದು ಅಟ್ಟದಲ್ಲಿ, ಶವರ್ ಇರುವುದು ಅದರ ಕೆಳಗೇ. ನಡುವೆ ಒಂದಾಳು ಎತ್ತರವೂ ಇಲ್ಲ. ನಲ್ಲಿ ತಿರುಗಿಸಿದರೆ ನೆಗಡಿಯಾದ ಮೂಗಿನ ಹಾಗೆ ಸೋರುತ್ತದೆ. ತಲೆಗೆ ಶಾಂಪೂ ಹಾಕಿಕೊಂಡವರು ನೊರೆ ಇಳಿಯುವಷ್ಟರಲ್ಲಿ ಮದುವೆ ವಯಸ್ಸಿಗೆ ಬಂದಿರುತ್ತಾರೆ.

ಅದಕ್ಕೇ ಊರಿಗೆಲ್ಲ ಪಂಪ್ ಇರುವ ಕರೆಂಟ್ ಶವರ್ ಬಂತು. ಗೋಡೆಯ ಮೇಲೊಂದು ಬಿಳಿ ಡಬ್ಬಿ, ಅಷ್ಟೇ. ಒಳಗಿನ ಪಂಪು ಅಟ್ಟದ ತಣ್ಣೀರನ್ನು ಎಳೆದುಕೊಳ್ಳುತ್ತದೆ, ಒಳಗಿನ ಕಾಯಿಲ್ಲು ಅಲ್ಲೇ ಬಿಸಿ ಮಾಡುತ್ತದೆ, ನೀರು ಜೋರಾಗಿ ಸುರಿಯುತ್ತದೆ. ಚಾವಣಿಯಿಂದ ಇಳಿಬಿದ್ದ ದಾರವನ್ನು ಎಳೆದರೆ ಕರೆಂಟ್ ಬರುತ್ತದೆ, ಮತ್ತೆ ಎಳೆದರೆ ಹೋಗುತ್ತದೆ.

ನನ್ನ ದೊಡ್ಡಪ್ಪ ಫಿಂಟನ್ ತನ್ನ ಮನೆಯ ಶವರನ್ನು ತಾನೇ ಕೂರಿಸಿದ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವನಿಗೆ ಈ ಡಬ್ಬಿ ಯಾವ ಲೆಕ್ಕ ಎಂದ. ಒಂದೆರಡು ವರ್ಷ ಕಳೆದ ಮೇಲೆ ಶವರ್ ಹಾಕಿದಾಗಲೆಲ್ಲ ಮೀಟರ್ ಪಕ್ಕದ ಬೋರ್ಡಿನಲ್ಲಿ ಒಂದು ಸ್ವಿಚ್ ಟಪ್ ಎಂದು ಬೀಳುತ್ತಿತ್ತು. ಒಂದು ಭಾನುವಾರ ದೊಡ್ಡಪ್ಪ ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಮುಂದೆ ಕೂತ. ಆಮೇಲೆ ಅದು ಬೀಳಲೇ ಇಲ್ಲ. ದೊಡ್ಡಮ್ಮ ಅಟ್ರಾಕ್ಟಾ ಆ ಸಾಹಸವನ್ನು ಚರ್ಚಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದಳು.

ಆ ಬೇಸಿಗೆಯಲ್ಲಿ ದೊಡ್ಡಪ್ಪ ಹುಲ್ಲಿನ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದಕ್ಕೂ ಶವರಿಗೂ ಸಂಬಂಧವಿಲ್ಲ. ಶವರಿನ ವಿಷಯ ಶುರುವಾದದ್ದು ಅಕ್ಟೋಬರಿನಲ್ಲಿ.

ನಾನು ಕಟ್ಟಿಗೆ ಕೊಡಲು ಹೋಗಿದ್ದೆ. ದೊಡ್ಡಮ್ಮ ಟೀ ಬಸಿದು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ ದನಿ ತಗ್ಗಿಸಿದಳು.

"ಅವ್ರು ಬಂದಿದ್ದಾರೆ ಕಣೋ ಡೆಕ್ಲನ್."

"ಯಾರು?"

"ನಿಮ್ಮ ದೊಡ್ಡಪ್ಪ. ಬಾತ್‌ರೂಮಲ್ಲಿ ಇದ್ದಾರೆ. ನೀರು ಬಿಟ್ಟು ಪೈಪ್ ಹಿಡಿದ್ರೆ ನನ್ನ ಬೆರಳು ಹಿಡ್ಕೋತಾರೆ."

ಮೊದಲು ಅವಳಿಗೆ ನನ್ನ ಮೇಲೇ ಅನುಮಾನ ಬಂದಿತ್ತಂತೆ. ತಪ್ಪೇನಿಲ್ಲ. ಅದೇ ಶವರಿನ ತಲೆಯೊಳಗೆ ಹಿಂದೊಮ್ಮೆ ನಾನು ಸೂಪ್ ಪುಡಿ ತುಂಬಿಟ್ಟು, ಪಾದ್ರಿಯನ್ನು ನೋಡಲು ಹೊರಟಿದ್ದ ದೊಡ್ಡಪ್ಪನಿಗೆ ಕೋಳಿ ಸಾರಿನ ಸ್ನಾನ ಮಾಡಿಸಿದ್ದೆ. ಆದರೆ ಈ ಸಲ ನನ್ನದೇನೂ ಇರಲಿಲ್ಲ.

"ನಡಿ ದೊಡ್ಡಮ್ಮ, ನೋಡೇಬಿಡೋಣ," ಎಂದೆ. "ಹಾರರ್ ಪಿಕ್ಚರಲ್ಲಿ ಹೀಗಂದ ಕಾಮಿಡಿಯವನೇ ಮೊದಲು ಸಾಯೋದು. ಗೊತ್ತಿದ್ದೂ ಹೇಳ್ತಿದೀನಿ."

ಅವಳು ನಗದೆ ಬಾತ್‌ರೂಮಿಗೆ ಕರೆದೊಯ್ದಳು. ದಾರ ಎಳೆದಳು. ಗೋಡೆಯ ಡಬ್ಬಿಯೊಳಗೆ ಪಂಪು ಹೂಂ ಎಂದು ಎದ್ದಿತು. ಬಲ್ಬು ಒಂದು ಕ್ಷಣ ಮಂಕಾಗಿ, ಅರ್ಧ ಮನಸ್ಸಿನಿಂದ ಮತ್ತೆ ಬೆಳಗಿತು. ಹಬೆ ಮೇಲೇರಿತು. ನಾನು ಗದ್ದೆಯ ರಬ್ಬರ್ ಬೂಟಿನಲ್ಲೇ ನಿಂತು, ಆ ಬೆಳ್ಳಿ ಬಣ್ಣದ ಬಳುಕುವ ಪೈಪನ್ನು ಹಿಡಿದೆ.

ಹಿಡಿದದ್ದು ನಾನು. ಆದರೆ ಅದೂ ನನ್ನನ್ನು ಹಿಡಿಯಿತು. ಚರ್ಮದ ಕೆಳಗೆ ಇರುವೆ ಸಾಲು ನಡೆದ ಹಾಗೆ ಶುರುವಾಗಿ, ಬೆರಳುಗಳು ತಾವಾಗಿಯೇ ಒಂದಿಷ್ಟು ಬಿಗಿದವು. ನೀರಿನ ಆ ಬದಿಯಲ್ಲಿ ಯಾರೋ ನಿಂತು, ಗುರುತು ಸಿಕ್ಕಿತಾ ಎಂದು ಕೇಳುತ್ತಿದ್ದ ಹಾಗಿತ್ತು.

"ಗೊತ್ತಾಯ್ತಾ?" ಎಂದಳು ದೊಡ್ಡಮ್ಮ. ಅವಳ ಮುಖದಲ್ಲಿ ಬೇಸಿಗೆಯಿಂದ ನಾನು ಕಾಣದ ಒಂದು ಕಳೆ ಇತ್ತು. ನನಗೆ ಹೆಚ್ಚು ಹೆದರಿಕೆಯಾದದ್ದು ಅದನ್ನು ನೋಡಿ.

ಅಲ್ಲಿಂದ ನೆಟ್ಟಗೆ ಬ್ರೋನಾಳ ಮನೆಗೆ ಓಡಿದೆ. ಬ್ರೋನಾ ನಮ್ಮ ರಸ್ತೆಯವಳೇ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ನಾನು ಭೂತದ ಕಥೆ ಹೇಳುತ್ತಿದ್ದ ಹಾಗೆ ಅವಳು ಅರ್ಧ ತಿಂದ ಬ್ರೆಡ್ಡನ್ನು ಕೆಳಗಿಟ್ಟಳು. ಅದು ಕರೆಂಟು, ನೀರಿಗೆ ಇಳಿಯುತ್ತಿದೆ, ಆ ದಾರವನ್ನು ಯಾರೂ ಮುಟ್ಟಕೂಡದು ಎಂದಳು. ಅವತ್ತೇ ಟೂಲ್ ಬಾಕ್ಸ್ ಹಿಡಿದು ನನ್ನ ಜೊತೆ ಬಂದಳು. ದೊಡ್ಡಮ್ಮ ಕೇಕು ಕೊಟ್ಟಳು, ಟೀ ಕೊಟ್ಟಳು, ಅಡುಗೆಮನೆಯಿಂದ ಆಚೆಗೆ ಮಾತ್ರ ಬಿಡಲಿಲ್ಲ. ಬ್ರೋನಾ ಬೋರ್ಡು, ಅರ್ತಿಂಗು, ಲೀಕೇಜು ಎಂದು ವಿವರಿಸಿದ್ದನ್ನೆಲ್ಲ ತಲೆಯಾಡಿಸಿ ಕೇಳಿದಳು. ಕೊನೆಗೆ, ಸತ್ತವರು ಮನೆಗೆ ಬರುವ ನವೆಂಬರ್ ತಿಂಗಳು ಹತ್ತಿರ ಬಂತು, ಬಾಗಿಲ ಅಗುಳಿ ತೆಗೆದಿಟ್ಟು ಒಲೆಯ ಮುಂದೆ ಕುರ್ಚಿ ಎಳೆದಿಡುವುದು ಮತ್ತೇತಕ್ಕೆ ಎಂದು ಕೇಳಿದಳು.

"ಅಮ್ಮ, ಅದು ಅವರಲ್ಲ," ಎಂದಳು ಬ್ರೋನಾ.

"ಈ ಮನೇಲಿ ಬೇಸಿಗೆಯಿಂದ ಯಾರೂ ನನ್ನ ಕೈ ಹಿಡಿದಿಲ್ಲ ಕಣೇ. ಈಗ ಹಿಡೀತಿರೋರನ್ನ ನೀನು ರಿಪೇರಿ ಮಾಡ್ತೀಯಾ?"

ಬ್ರೋನಾ ಟೂಲ್ ಬಾಕ್ಸ್ ಎತ್ತಿಕೊಂಡಳು. ಅಲ್ಲಿ ಸ್ನಾನ ಮಾಡುವುದಿಲ್ಲ ಎಂದಷ್ಟೇ ಮಾತು ತೆಗೆದುಕೊಂಡು ಹೊರಟಳು. ದೊಡ್ಡಮ್ಮ ಸ್ನಾನವನ್ನೇನೋ ಬಿಟ್ಟಳು. ದಿನಾ ಸಂಜೆ ದಾರ ಎಳೆದು, ಪೈಪ್ ಹಿಡಿದು ನಿಂತಿರುವುದನ್ನು ಬಿಡಲಿಲ್ಲ.

ಅಕ್ಟೋಬರಿನ ಕೊನೆಯ ದಿನ, ಹ್ಯಾಲೋವೀನ್ ಸಂಜೆ ಬಂತು. ಐದು ಗಂಟೆಗೇ ಕತ್ತಲು. ದೊಡ್ಡಮ್ಮನ ಮಗಳು ತನ್ನ ನಾಲ್ಕು ವರ್ಷದ ಎತ್ನಾಳನ್ನು ಅಜ್ಜಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಎತ್ನಾ ಮಾಟಗಾತಿ ವೇಷ ಹಾಕಿ, ಮುಖಕ್ಕೂ ಕುತ್ತಿಗೆಗೂ ಹಸಿರು ಬಣ್ಣ ಮೆತ್ತಿಕೊಂಡು, ಮನೆಮನೆ ಸುತ್ತಿ ಮಿಠಾಯಿ ಎತ್ತಿಕೊಂಡು ಬಂದಿದ್ದಳು. ನಾನು ಅವಳನ್ನು ಹೆದರಿಸಲು ಬಿಳಿ ಬೆಡ್‌ಶೀಟ್ ಹೊದ್ದು, ಹಿಂಬಾಗಿಲಿನಿಂದ ಒಳಗೆ ನುಸುಳಿದೆ. ಒಲೆಯ ಮುಂದೆ ಖಾಲಿ ಕುರ್ಚಿ ಇತ್ತು. ಯಾರೂ ಕಾಣಲಿಲ್ಲ. ಬಲ್ಬು ಮಂಕಾಯಿತು. ಗೋಡೆಯ ಡಬ್ಬಿಯೊಳಗೆ ಪಂಪು ಹೂಂ ಎಂದು ಎದ್ದಿತು.

ಬಾತ್‌ರೂಮಿನಿಂದ ದೊಡ್ಡಮ್ಮನ ದನಿ ಬಂತು. ತುಂಬ ಮೆತ್ತಗಿತ್ತು.

"ಬಾ ಪುಟ್ಟಿ, ಹೆದರ್ಬೇಡ. ಕೈ ಚಾಚು, ತಾತ ಹಿಡ್ಕೋತಾರೆ."

ಬಾಗಿಲು ಅರ್ಧ ತೆರೆದಿತ್ತು. ಹಬೆಯ ನಡುವೆ ಹಸಿರು ಮುಖದ ಮಗು ನಿಂತಿತ್ತು. ಒದ್ದೆ ನೆಲದ ಮೇಲೆ ಬರಿಗಾಲು. ಪುಟ್ಟ ಕೈ ಬೆಳ್ಳಿ ಪೈಪಿನ ಕಡೆಗೆ ಹೋಗುತ್ತಿತ್ತು. ನಡುವೆ ಒಂದು ಗೇಣೂ ಇರಲಿಲ್ಲ.

ನಾನು ಹಾರಿ ದಾರ ಎಳೆದೆ. ಪಂಪು ನಿಟ್ಟುಸಿರು ಬಿಟ್ಟು ಸತ್ತಿತು.

ಬೆಡ್‌ಶೀಟ್ ಹೊದ್ದವನು ಹೀಗೆ ಎಂಟ್ರಿ ಕೊಟ್ಟರೆ ಮಕ್ಕಳು ಕಿರುಚಬೇಕು. ಎತ್ನಾ ಕಿರುಚಲಿಲ್ಲ. ನಿಂತುಹೋದ ನೀರನ್ನೇ ನೋಡುತ್ತ, "ತಾತ ಹೋದ್ರಾ?" ಎಂದಳು.

ದೊಡ್ಡಮ್ಮ ನನ್ನನ್ನು ಬಾಯಿಗೆ ಬಂದ ಹಾಗೆ ಬೈದಳು. ಬೈಸಿಕೊಳ್ಳುತ್ತಲೇ ಬ್ರೋನಾಳಿಗೆ ಫೋನ್ ಮಾಡಿದೆ. ಅವಳು ತನ್ನ ಮಕ್ಕಳ ಜೊತೆ ವೇಷ ಹಾಕಿದ್ದವಳು, ಕಪ್ಪು ನಿಲುವಂಗಿ, ಬಿಳಿ ಮುಖದಲ್ಲಿ ಹಾಗೇ ಬಂದಳು, ಕೈಯಲ್ಲಿ ಟೂಲ್ ಬಾಕ್ಸ್. ಸಾವೇ ರಿಪೇರಿಗೆ ಬಂದ ಹಾಗಿತ್ತು. ಈ ಸಲ ಕೇಕಿಗೂ ಕಾಯಲಿಲ್ಲ. ದೂರ ನಿಲ್ಲಿ ಎಂದು ಹೇಳಿ ಮತ್ತೆ ದಾರ ಎಳೆದಳು, ಪೈಪಿನ ಹತ್ತಿರ ಟೆಸ್ಟರ್ ಹಿಡಿದಳು. ಅದು ಕೆಂಪಗೆ ಉರಿದು ಕೀ ಎಂದು ಕೂಗಿತು.

"ನೋಡಿದ್ಯಾ, ಇದ್ದಾರೆ," ಎಂದಳು ದೊಡ್ಡಮ್ಮ.

ಬ್ರೋನಾ ದೊಡ್ಡಮ್ಮನ ಕಾಲು ನೋಡಿದಳು.

"ಅಮ್ಮ, ದಿನಾ ಇಲ್ಲಿ ನಿಂತಾಗ ಇದೇ ರಬ್ಬರ್ ಚಪ್ಪಲಿ ಹಾಕಿರ್ತೀರಾ?"

"ನೆಲ ತಣ್ಣಗಿರುತ್ತಲ್ಲ. ಹಾಕ್ಕೊಂಡೇ ಇರ್ತೀನಿ."

"ನಿಮ್ಮ ಕೈ ಮೆತ್ತಗೆ ಹಿಡಿದದ್ದು ಅದಕ್ಕೇ. ಡೆಕ್ಲನ್ ಬೂಟಲ್ಲಿದ್ದ. ಮಗು ಬರಿಗಾಲಲ್ಲಿತ್ತು. ಅದನ್ನ ಹಿಡಿದಿದ್ರೆ ಬಿಡ್ತಿರ್ಲಿಲ್ಲ."

ಎತ್ನಾ ಅಜ್ಜಿಯ ಸ್ಕರ್ಟಿಗೆ ಮುಖ ಒರೆಸಿ, ಅದನ್ನೂ ಹಸಿರು ಮಾಡಿದಳು.

ಡಬ್ಬಿ ಬಿಚ್ಚಬೇಕು, ಅದಕ್ಕೆ ಇಡೀ ಮನೆಯ ಮೇನ್ ಸ್ವಿಚ್ ಆಫ್ ಮಾಡುತ್ತೇನೆ ಎಂದು ಬ್ರೋನಾ ಬೋರ್ಡಿನ ಹತ್ತಿರ ಹೋದಳು. ಟಕ್. ಫ್ರಿಜ್ಜಿನ ಸದ್ದು ಕೂಡ ನಿಂತುಹೋಯಿತು. ಅಷ್ಟು ಕತ್ತಲು, ಅಷ್ಟು ಮೌನ ಆ ಮನೆಯಲ್ಲಿ ದೊಡ್ಡಪ್ಪನ ಶವ ಕಾದ ರಾತ್ರಿಯೂ ಇರಲಿಲ್ಲ. ಬ್ರೋನಾ ಟೆಸ್ಟರ್ ಹಿಡಿದು ನೋಡಿದಳು. ಈಗ ಮುಟ್ಟಬಹುದು ಎಂದಳು.

ಹೆಜ್ಜೆ ಸದ್ದು ಕೇಳಿಸಿತು. ದೊಡ್ಡಮ್ಮ ಒಳಗೆ ಹೋದಳು. ನಾನು ಮೊಬೈಲ್ ಬೆಳಕನ್ನು ನೆಲಕ್ಕೆ ಹಿಡಿದೆ. ಅವಳು ಚಪ್ಪಲಿ ಕಳಚಿದಳು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಎರಡೂ ಕೈಯಲ್ಲಿ ಪೈಪ್ ಹಿಡಿದುಕೊಂಡು ಕಾದಳು. ಪೈಪಿನೊಳಗೆ ಉಳಿದಿದ್ದ ನೀರು ಒಂದೊಂದೇ ಹನಿಯಾಗಿ ಬೀಳುತ್ತಿತ್ತು. ನಾನೂ ಕಾದೆ. ನಿಜ ಹೇಳಬೇಕೆಂದರೆ, ಏನಾದರೂ ಆಗಲಿ ಎಂದು ನನ್ನೊಳಗೂ ಯಾರೋ ಬೇಡಿಕೊಳ್ಳುತ್ತಿದ್ದರು.

ಏನೂ ಆಗಲಿಲ್ಲ.

"ಕರೆಂಟ್ ಹೋದ್ರೆ ಮೊದಲು ಕ್ಯಾಂಡಲ್ ಹಿಡ್ಕೊಂಡು ಬರ್ತಿದ್ದೋರು ಅವ್ರು," ಎಂದಳು ಕೊನೆಗೆ. "ಕತ್ತಲಲ್ಲಿ ನನ್ನ ಒಬ್ಬಳನ್ನೇ ಯಾವತ್ತೂ ಬಿಟ್ಟಿಲ್ಲ. ಇದು ಸ್ವಿಚ್ ತೆಗೆದ್ರೆ ಬಿಟ್ಟು ಹೋಗುತ್ತೆ." ಪೈಪಿನಿಂದ ಕೈ ತೆಗೆದು ಏಪ್ರನ್ನಿಗೆ ಒರೆಸಿಕೊಂಡಳು. "ಇದು ಯಾರೋ ಬೇರೆ. ಕಿತ್ತು ಹಾಕೇ ಬ್ರೋನಾ."

ಕಿತ್ತಾಗ ಎಲ್ಲ ಕಂಡಿತು. ನಮ್ಮ ಸುಣ್ಣದ ನೀರಿಗೆ ಕಾಯಿಲ್ಲಿನ ಕವಚ ತಿಂದುಹೋಗಿ, ದಿನದಿಂದ ದಿನಕ್ಕೆ ಹೆಚ್ಚು ಬಿರುಕು ಬಿಟ್ಟಿತ್ತು. ಅರ್ತಿಂಗ್ ತಂತಿಯನ್ನು ದೊಡ್ಡಪ್ಪ ಬಿಚ್ಚಿ, ಟೇಪು ಸುತ್ತಿ ಒಳಗೇ ಮಡಚಿಟ್ಟಿದ್ದ. ಅಡುಗೆಮನೆಯ ಸಾಕೆಟ್ಟಿನಿಂದ ಎಳೆದ ತೆಳ್ಳನೆಯ ವೈರು ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬಲ್ಬು ಮಂಕಾಗುತ್ತಿದ್ದದ್ದು ಅದಕ್ಕೇ. ಟಪ್ ಎಂದು ಬೀಳುತ್ತಿದ್ದ ಸ್ವಿಚ್ಚಿಗೆ ತಾಗದಂತೆ ಬೋರ್ಡಿನಲ್ಲಿ ಆ ಸಾಕೆಟ್ಟಿನ ವೈರನ್ನು ಪಕ್ಕದಿಂದ ಹಾಯಿಸಿದ್ದ. ಆ ಸ್ವಿಚ್ ಕೆಟ್ಟಿರಲಿಲ್ಲ, ಕರೆಂಟ್ ಸೋರುತ್ತಿದೆ ಎಂದು ಪ್ರತಿ ಸಲವೂ ಬಿದ್ದು ಹೇಳುತ್ತಿತ್ತು ಎಂದಳು ಬ್ರೋನಾ. ದೊಡ್ಡಪ್ಪ ಹೇಳುವವನ ಬಾಯಿ ಮುಚ್ಚಿಸಿದ್ದ. ಪ್ರೀತಿಯಿಂದಲೇ ಮಾಡಿದ್ದ. ಕರೆಂಟಿಗೆ ಅದು ಗೊತ್ತಾಗುವುದಿಲ್ಲ.

ಎತ್ನಾಳ ಬಣ್ಣವನ್ನು ಅವತ್ತು ಒಲೆಯ ಮೇಲೆ ನೀರು ಕಾಯಿಸಿ, ಬಕೆಟ್ಟಿನಲ್ಲಿ ತೊಳೆದೆವು. ದೊಡ್ಡಮ್ಮನ ಮಗಳು ಬಂದು ವಿಷಯ ಕೇಳಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಬ್ರೋನಾ ಆ ವಾರವೇ ಹೊಸ ಶವರ್ ಹಾಕಿದಳು. ಬೋರ್ಡಿನಿಂದ ಶವರಿಗೆಂದೇ ಬೇರೆ ದಪ್ಪ ವೈರು, ಸೋರಿದರೆ ಬೀಳುವ ಸ್ವಿಚ್ಚು, ಗಟ್ಟಿ ಅರ್ತಿಂಗು. ಅಟ್ಟದ ಟ್ಯಾಂಕನ್ನೂ ನೋಡಿದಳು, ಏಕೆಂದರೆ ನೀರಿಲ್ಲದೆ ತಿರುಗಿದರೆ ಪಂಪು ಸುಟ್ಟುಹೋಗುತ್ತದೆ. ಎಲ್ಲ ಪರೀಕ್ಷಿಸಿ, ಸಹಿ ಮಾಡಿದ ಸರ್ಟಿಫಿಕೇಟ್ ಕೊಟ್ಟಳು. ಬೋರ್ಡಿನ ಟೆಸ್ಟ್ ಬಟನ್ ಒತ್ತುವುದನ್ನು ದೊಡ್ಡಮ್ಮನಿಂದಲೇ ಮಾಡಿಸಿದಳು. ಈಗ ದೊಡ್ಡಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಅದನ್ನೇ ಹೇಳುತ್ತಾಳೆ. ಕೇಳದೆ ಯಾರೂ ಗೇಟು ದಾಟುವ ಹಾಗಿಲ್ಲ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮದು ಪಂಪ್ ಶವರ್ ಇರಲಿ, ಗೀಸರ್ ಇರಲಿ, ಇವತ್ತೇ ಒಮ್ಮೆ ಮೀಟರ್ ಬೋರ್ಡಿನ ಹತ್ತಿರ ಹೋಗಿ. ಟೆಸ್ಟ್ ಬಟನ್ ಒತ್ತಿ. ಸ್ವಿಚ್ ಬೀಳಬೇಕು. ಬೀಳದಿದ್ದರೆ, ಅಥವಾ ಅಂಥ ಸ್ವಿಚ್ಚೇ ಇಲ್ಲದಿದ್ದರೆ, ಲೈಸೆನ್ಸ್ ಇರುವವರನ್ನು ಕರೆಸಿ. ಪದೇಪದೇ ಬೀಳುತ್ತಿದ್ದರೂ ಕರೆಸಿ, ಅದರ ಬಾಯಿ ಮುಚ್ಚಿಸಬೇಡಿ. ನೀರು ಮುಟ್ಟಿದಾಗ ಜುಂ ಎಂದರೆ ಎರಡನೇ ಸಲ ಮುಟ್ಟಿ ನೋಡಬೇಡಿ. ಒದ್ದೆ ಕೈಯಲ್ಲಿ ಶವರಿನ ಬಳಿ ತಡಕಾಡದೆ ಹೊರಗೆ ಬನ್ನಿ, ಕೈ ಒರೆಸಿಕೊಂಡು ಮೇನ್ ಸ್ವಿಚ್ ಆಫ್ ಮಾಡಿ. ಮನೆಯವರಿಗೆಲ್ಲ ಹೇಳಿ. ಮುಖ್ಯವಾಗಿ, ಚಪ್ಪಲಿ ಹಾಕದೆ ಸ್ನಾನಕ್ಕೆ ಓಡುವ ಚಿಕ್ಕವರು ನಿಮ್ಮ ಮನೆಯಲ್ಲಿದ್ದರೆ, ಅವರ ಕೈ ನೀರಿಗೆ ಹೋಗುವ ಮೊದಲು ನಿಮ್ಮ ಬೆರಳು ಆ ಬಟನ್ನಿಗೆ ಹೋಗಲಿ.