ಎಡಗಡೆಯ ಸೀಟು

ಊರಿನ ಅಂಗಡಿಗಳಿಗೆಲ್ಲ ತನ್ನ ಪಿಕಪ್ ಗಾಡಿಯಲ್ಲಿ ಮೊಟ್ಟೆ ಹಾಕುತ್ತಿದ್ದುದರಿಂದ ಅವನನ್ನು ಎಲ್ಲರೂ ಮೊಟ್ಟೆಯಣ್ಣ ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಸಾಮಾನು ಕೊಳ್ಳುವುದರಲ್ಲಿ ಮಾತ್ರ ನತದೃಷ್ಟ. ಅವನು ತಂದ ಕೊಡೆ ಮೊದಲ ಮಳೆಗೇ ಬಾಯಿ ಬಿಟ್ಟಿತ್ತು. ಮಿಕ್ಸಿ ಒಂದು ಸಲ ಗುರ್ ಎಂದು ಕಣ್ಮುಚ್ಚಿತ್ತು. “ಭಾವ ಆರಿಸಿದ್ದರಲ್ಲಿ ಬಾಳಿಕೆ ಬಂದದ್ದು ನಮ್ಮಕ್ಕ ಒಬ್ಬಳೇ” ಎಂದು ಭಾವಮೈದುನ ಕಾಲೆಳೆಯುತ್ತಿದ್ದ. ಮೊಟ್ಟೆಯಣ್ಣ ಎಲ್ಲರ ಜೊತೆ ತಾನೂ ನಗುತ್ತಿದ್ದ. ನಕ್ಕರೂ ಒಳಗೆ ಚುಚ್ಚುತ್ತಿತ್ತು, ಅದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಹೀಗಿರುವಾಗ ಗಾಡಿಯ ಶಾಕ್ ಅಬ್ಸಾರ್ಬರ್‌ಗಳು ಹೋದವು. ಕಂಪನಿಯವನ್ನೇ ಹಾಕಿಸು ಎಂದು ಮೆಕ್ಯಾನಿಕ್ ಬಡಕೊಂಡ. ಇವನ ಕಣ್ಣು ಬಿಡಿಭಾಗದ ಅಂಗಡಿಯಲ್ಲಿ ತೂಗುಹಾಕಿದ್ದ ಕೆಂಪು ಬಣ್ಣದವುಗಳ ಮೇಲೆ ಬಿದ್ದಿತ್ತು.

“ಅಣ್ಣಾ, ಅದು ಹೊರಗಿನ ಮಾಲು. ಮೊದಮೊದಲು ಚೆನ್ನಾಗಿರುತ್ತೆ. ಆಮೇಲಿಂದು ನಾನು ಹೇಳೋಕಾಗಲ್ಲ.”

“ನೀನು ಹಾಕಪ್ಪಾ, ಆಮೇಲಿಂದು ನಾನು ನೋಡ್ಕೋತೀನಿ.”

ಹಠ ಹಿಡಿದು ಹಾಕಿಸಿದ. ಮರುದಿನ ಎಂದಿನಂತೆ ಹೆಂಡತಿ ಎಡಗಡೆಯ ಸೀಟಿನಲ್ಲಿ ಕುಳಿತಳು. ಮಾರುಕಟ್ಟೆಯ ಹಿಂದಿನ ಹಾಳು ರಸ್ತೆ ದಾಟುವಷ್ಟರಲ್ಲಿ ಅವಳ ಮುಖ ಅರಳಿತು. “ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ ಕಣ್ರೀ!”

ಅಂತೂ ಒಂದು ಗೆದ್ದಿತ್ತು. ಅಂದಿನಿಂದ ಮೊಟ್ಟೆಯಣ್ಣನನ್ನು ಹಿಡಿಯುವವರಿಲ್ಲ. ಗ್ಯಾರೇಜಿನಲ್ಲಿ ಯಾರಾದರೂ ಶಾಕ್ ಅಬ್ಸಾರ್ಬರ್ ಮಾತೆತ್ತಿದರೆ ಸಾಕು, ಕರೆಯದಿದ್ದರೂ ಹೋಗಿ ನಿಲ್ಲುತ್ತಿದ್ದ. ವರ್ಷಗಳು ಉರುಳಿದರೂ ಅದೇ ಮಾತು. “ಇವತ್ತಿಗೂ ಹೊಸದರ ಹಾಗೇ ಇದೆ. ಬೇಕಿದ್ರೆ ನಮ್ಮನೆಯವಳನ್ನೇ ಕೇಳಿ.” ಅವಳು ಕಿಟಕಿಯಿಂದ ತಲೆ ಹೊರಹಾಕಿ, “ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ” ಎನ್ನುತ್ತಿದ್ದಳು.

ಬರಬರುತ್ತಾ ಅವಳು ಸೀಟಿಗೊಂದು ದಿಂಬು ತರತೊಡಗಿದಳು. “ಮಹಾರಾಣಿಯವರ ಸಿಂಹಾಸನ ಬಂತು” ಎಂದು ಇವನು ಕೀಟಲೆ ಮಾಡಿದ. ಮೊಟ್ಟೆಯ ಟ್ರೇಗಳನ್ನೆಲ್ಲ ಬಲಗಡೆಗೇ ಜೋಡಿಸಿ, ಎಡಗಡೆಗೆ ಹುಲ್ಲಿನ ಚೀಲ ತುರುಕುತ್ತಿದ್ದಳು. ಯಾಕೆಂದು ಕೇಳಿದರೆ, “ಇಳಿಸೋಕೆ ಸಲೀಸು ರೀ” ಎಂದಳು. ರಾತ್ರಿ ಸೊಂಟ ಹಿಡಿದುಕೊಂಡು ಮಲಗುತ್ತಿದ್ದಳು. ಟ್ರೇ ಎತ್ತಿ ಎತ್ತಿ ಹೀಗಾಗಿದೆ ಎಂದು ಇವನು ತೀರ್ಮಾನಿಸಿದ. ಎತ್ತುವ ಕೆಲಸವನ್ನೆಲ್ಲ ತಾನೇ ಮಾಡಿದ, ಅವಳ ಬೆನ್ನಿಗೆ ಮುಲಾಮು ತಿಕ್ಕಿದ. ಪ್ರೀತಿಗೇನೂ ಕೊರತೆ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದು ಎದೆಗಿಳಿಯಿತು. ಅದೇ ಗಾಡಿಯಲ್ಲಿ, ಅದೇ ಸೀಟಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. “ನೋವಾಗ್ತಿದೆಯೇನೇ?” ಎಂದು ದಾರಿಯುದ್ದಕ್ಕೂ ಕೇಳಿದ. ಅವಳು ಕಣ್ಣು ಮುಚ್ಚಿಕೊಂಡೇ, “ಇಲ್ಲ ರೀ, ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ” ಎಂದಳು. ಅವನ ಜೊತೆ ಅವಳು ಆಡಿದ ಕೊನೆಯ ಮಾತು ಅದೇ ಆಯಿತು.

ಅವಳು ಹೋದ ಮೇಲೆ ಅವನಿಗೆ ಉಳಿದದ್ದು ಒಂದೇ ಸಮಾಧಾನ. ಒಳ್ಳೆಯ ಮನೆ ಕೊಡಲಿಲ್ಲ, ನೆಟ್ಟಗೆ ನಡೆಯುವ ಗಡಿಯಾರವನ್ನೂ ಕೊಡಲಿಲ್ಲ. ಆದರೆ ಗಾಡಿಯಲ್ಲಿ ಮಾತ್ರ ಅವಳನ್ನು ಸುಖವಾಗಿ ಓಡಾಡಿಸಿದೆ. ಸಂತಾಪಕ್ಕೆ ಬಂದವರ ಹತ್ತಿರವೆಲ್ಲ ಅದನ್ನೇ ಹೇಳಿದ. ಭಾವಮೈದುನ ಈ ಸಲ ಕಾಲೆಳೆಯಲಿಲ್ಲ.

ದುಃಖದಲ್ಲಿ ಅವನು ಗಾಡಿ ತೆಗೆಯುವುದನ್ನೇ ಬಿಟ್ಟ. ಹೊಸದಾಗಿ ಗಾಡಿ ಕಲಿತಿದ್ದ ಮಗಳು ಕೀಲಿ ಕಿತ್ತುಕೊಂಡಳು. “ಅಪ್ಪಾ, ಅಂಗಡಿಯವರು ಎಷ್ಟು ದಿನ ಕಾಯ್ತಾರೆ? ನೀನು ಸುಮ್ನೆ ಪಕ್ಕದಲ್ಲಿ ಕೂತ್ಕೊ, ನಾನು ಓಡಿಸ್ತೀನಿ.”

ಹಾಗೆ ಮೊಟ್ಟೆಯಣ್ಣ ತನ್ನ ಗಾಡಿಯ ಎಡಗಡೆಯ ಸೀಟಿನಲ್ಲಿ ಮೊದಲ ಬಾರಿ ಕುಳಿತ. ಮಾರುಕಟ್ಟೆಯ ಹಿಂದಿನ ರಸ್ತೆಯ ಮೊದಲ ಗುಂಡಿಗೆ ಬೆನ್ನುಮೂಳೆ ಕಟಕ್ ಎಂದಿತು.

“ನಿಧಾನ ಕಣೆ!”

“ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಳಬೇಕಷ್ಟೇ ಅಪ್ಪಾ.”

ಇನ್ನೊಂದು ಗುಂಡಿ ಬಂತು. ಗಾಡಿ ಕುಸಿದು, ಎದ್ದು, ಮತ್ತೆ ಕುಸಿಯಿತು. ಆಸರೆಗೆಂದು ಅವನ ಕೈ ತಾನಾಗಿ ಬಾಗಿಲ ಮೇಲಿನ ಹಿಡಿಗೆ ಹೋಯಿತು. ಅದರ ಒರಟು ಪ್ಲಾಸ್ಟಿಕ್ಕು ನಾಲ್ಕು ಬೆರಳಿನ ಜಾಗದಲ್ಲಿ ಸವೆದು ನುಣುಪಾಗಿತ್ತು. ಅವನ ಬೆರಳಿಗಿಂತ ಸಣ್ಣ ಬೆರಳುಗಳ ಜಾಗ ಅದು.

“ಗ್ಯಾರೇಜಿಗೆ ತಿರುಗಿಸು” ಎಂದ.

ಮೆಕ್ಯಾನಿಕ್ ಬಾನೆಟ್ಟಿನ ಬಲಮೂಲೆಯನ್ನು ಒತ್ತಿ ಬಿಟ್ಟ. ಒಮ್ಮೆ ಎದ್ದು ಸುಮ್ಮನಾಯಿತು. ಎಡಮೂಲೆಯನ್ನು ಒತ್ತಿದ. ಅದು ಕುಣಿಯುತ್ತಲೇ ಇತ್ತು. ಕೆಳಗೆ ನುಸುಳಿ ನೋಡಿ ಬಂದು, ಕೈ ಒರೆಸಿಕೊಂಡ.

“ಎಡಗಡೆಯವು ಎರಡೂ ಸತ್ತಿವೆ ಅಣ್ಣಾ. ಆ ಕಡೆ ಚಕ್ರ ರಸ್ತೆ ಅಂಚಲ್ಲೇ ಓಡುತ್ತಲ್ಲ, ಅದಕ್ಕೇ ಮೊದಲು ಹೋಗುತ್ತೆ. ಎಣ್ಣೆ ಸೋರಿ, ಒಣಗಿ, ಧೂಳು ಮೆತ್ತಿ ಗಟ್ಟಿಯಾಗಿದೆ. ವರ್ಷಗಳ ಮಾತಿದು. ನಿನ್ನ ಕೈಲಿ ಸ್ಟಿಯರಿಂಗ್ ಇರುತ್ತೆ, ಬಲಗಡೆ ಗಟ್ಟಿಯಿದೆ, ನಿಂಗೆ ಗೊತ್ತಾಗಿರಲ್ಲ. ಆದ್ರೆ ಈ ಕಡೆ ಕೂತೋರು ಏನೂ ಹೇಳ್ಲಿಲ್ವಾ?”

ಕೇಳಿದ ಮೇಲೆ ಆ ಕಡೆ ಕೂರುತ್ತಿದ್ದವರು ಯಾರೆಂದು ಮೆಕ್ಯಾನಿಕ್‌ಗೂ ನೆನಪಾಯಿತು. ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದ. ಮೊಟ್ಟೆಯಣ್ಣ ಹಳೆಯ ಟೈರಿನ ಮೇಲೆ ಕುಳಿತ. ದಿಂಬು, ಹುಲ್ಲಿನ ಚೀಲ, ಸೊಂಟ, ಮುಲಾಮು, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ಒಂದು ಮಾತು ಹೇಳಿದ್ದರೆ ಅವತ್ತೇ ಕಿತ್ತು ಎಸೆಯುತ್ತಿದ್ದೆನಲ್ಲ! ನನ್ನ ಹುಚ್ಚು ಜಂಭ ಉಳಿಸಲು ಇಷ್ಟು ವರ್ಷ ಬೆನ್ನು ಕೊಟ್ಟಳಲ್ಲ! ಅವನಿಗೆ ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮುಂದೆ ತೋರಿಸುವುದೆಂದು ತಿಳಿಯದೆ ಅಳು ಬಂತು.

ಹೊಸವು ನಾಳೆ ಬರುತ್ತವೆ, ಇವತ್ತೊಂದು ದಿನ ಸುಧಾರಿಸಿಕೋ ಎಂದು ಮೆಕ್ಯಾನಿಕ್ ಹೇಳಿ ಕಳಿಸಿದ. ಫೋನಿನಲ್ಲಿ ಅಂಗಡಿಯವರಿಗೆ ಉತ್ತರ ಹೇಳುತ್ತಾ ಗೇಟಿನ ಹೊರಗೆ ನಿಂತಿದ್ದ ಮಗಳಿಗೆ ಈ ಮಾತೊಂದೂ ಕೇಳಿರಲಿಲ್ಲ. ಅವಳು ಮತ್ತೆ ಸ್ಟಿಯರಿಂಗ್ ಹಿಡಿದಳು. ನಾಲಿಗೆ ಕಚ್ಚಿಕೊಂಡು, ಒಂದೊಂದು ಗುಂಡಿಯನ್ನೂ ತಪ್ಪಿಸಲು ಒದ್ದಾಡುತ್ತಾ ಓಡಿಸಿದಳು. ಆದರೂ ಒಂದಕ್ಕೆ ಚಕ್ರ ಇಳಿಯಿತು. ಅವನ ಸೊಂಟಕ್ಕೆ ಚಳುಕು ಹೊಡೆಯಿತು.

ಮಗಳು ಓರೆಗಣ್ಣಿನಿಂದ ನೋಡಿದಳು. ಬೈಗುಳಕ್ಕೆ ಹೆದರಿದ್ದಳು, ಶಹಬ್ಬಾಸ್‌ಗೆ ಕಾದಿದ್ದಳು.

“ನನ್ನ ಡ್ರೈವಿಂಗು ಅಷ್ಟು ಕೆಟ್ಟದಾಗಿದೆಯಾ ಅಪ್ಪಾ? ಅಲ್ಲಾಡುತ್ತಾ ತುಂಬಾ?”

ನುಣುಪಾದ ಆ ಜಾಗವನ್ನು ಅವನು ಬಿಗಿಯಾಗಿ ಹಿಡಿದುಕೊಂಡ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

“ಇಲ್ಲಮ್ಮಾ” ಎಂದ. “ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ.”