ಅರ್ಧಕ್ಕೆ ನಿಂತ ಐದನೇ ಹೊಲಿಗೆ

ನನ್ನ ತಲೆ ಹುಟ್ಟಿದ್ದು ಲೂಧಿಯಾನದಲ್ಲಿ, ಕಾಲು ಹುಟ್ಟಿದ್ದು ಬೆಂಗಳೂರಿನ ಒಂದು ಎರಕದ ಶೆಡ್ಡಿನಲ್ಲಿ. ಇಬ್ಬರೂ ಮೊದಲ ಸಲ ಮುಖ ನೋಡಿಕೊಂಡದ್ದು ಅರಸೀಕೆರೆಯಲ್ಲಿ. ನಾಲ್ಕು ಬೋಲ್ಟು ಬಿಗಿದರು, ಒಂದು ಬೆಲ್ಟು ಸುತ್ತಿದರು, ಅಲ್ಲಿಗೆ ನಾನು ಒಂದು ಹೊಲಿಗೆ ಮೆಷಿನ್ನಾದೆ. ಕಪ್ಪು ಮೈ, ಮೈತುಂಬ ಚಿನ್ನದ ಬಣ್ಣದ ಬಳ್ಳಿ, ಹೊಳೆಯುವ ಗಾಲಿ. ನನ್ನಂಥವನ ಎಂಟ್ರಿಗೆ ಹಿನ್ನೆಲೆಯಲ್ಲಿ ಡೋಲು ಬಾರಿಸಬೇಕಿತ್ತು. ಆದರೆ ನಾನು ಬಂದಿಳಿದದ್ದು ಲಗೇಜ್ ಆಟೋದಲ್ಲಿ, ಈರುಳ್ಳಿ ಮೂಟೆಗಳ ನಡುವೆ, ತಲೆಕೆಳಗಾಗಿ.

ನನ್ನ ಮೊದಲ ಯಜಮಾನರು ಟೈಲರ್ ಖಲಂದರ್ ಸಾಬರು. ಅವರ ಅಂಗಡಿಯ ಹಿಂಗೋಡೆಯೇ ಪಕ್ಕದ ಟಾಕೀಸಿನ ಗೋಡೆ. ದಿನಕ್ಕೆ ನಾಲ್ಕು ಆಟ, ಇಪ್ಪತ್ತಾರು ವರ್ಷ. ಒಂದು ಸಿನಿಮಾವನ್ನೂ ನಾನು ನೋಡಿಲ್ಲ, ಎಲ್ಲವನ್ನೂ ಕೇಳಿದ್ದೇನೆ. ಹೀರೋ ಮುಖ ಹೇಗಿರುತ್ತದೋ ಗೊತ್ತಿಲ್ಲ, ಅವನು ಕೈ ಎತ್ತಿದಾಗ ಎಷ್ಟು ಜನ ನೆಲಕ್ಕೆ ಬೀಳುತ್ತಾರೆ ಎಂಬುದು ಗೊತ್ತು. ಗೋಡೆಯ ಮೂಲಕವೇ ನಾನು ಲೋಕದ ನಿಯಮಗಳನ್ನು ಕಲಿತೆ. ಮೊದಲು ನಗುವ ವಿಲನ್ನು ಕೊನೆಗೆ ಅಳುತ್ತಾನೆ. ಕಳೆದುಹೋದ ತಮ್ಮ ಹಾಡು ಹಾಡಿದರೆ ಸಿಗುತ್ತಾನೆ. ಮೊದಲರ್ಧದಲ್ಲಿ ಎರಡು ಸಲ ಕೆಮ್ಮಿದ ತಾಯಿ ಇಂಟರ್‌ವಲ್ ದಾಟುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಸುಮ್ಮನೆ ಹೊಲಿದುಕೊಂಡು ಬಿದ್ದಿರಲು ಆಗುತ್ತದೆಯೇ? ನಾನೂ ಸ್ವಲ್ಪ ಕೈಚಳಕ ತೋರಿಸುತ್ತಿದ್ದೆ. ಜಗಳಗಂಟ ಗಿರಾಕಿಯ ಪ್ಯಾಂಟು ಬಂದರೆ ದಾರ ಕಡಿಯುತ್ತಿದ್ದೆ. ಪೊಲೀಸ್ ಯೂನಿಫಾರಂ ಬಂದರೆ ಅಡಿಯ ಬಾಬಿನ್ನಿನಲ್ಲಿ ದಾರವನ್ನು ಹಕ್ಕಿಗೂಡು ಮಾಡಿಡುತ್ತಿದ್ದೆ. ಸಾಬರು ಬೈಯುತ್ತಿರಲಿಲ್ಲ. ನಖರಾ ಮಾಡ್ತಾ ಇದ್ದಾನೆ ಎಂದು ನಕ್ಕು, ನನ್ನ ನೆತ್ತಿಯ ತೂತಿಗೆ ಎರಡು ಹನಿ ಎಣ್ಣೆ ಬಿಡುತ್ತಿದ್ದರು. ನನ್ನ ಎಲ್ಲ ತಂಟೆಗೂ ಅದೊಂದೇ ಮದ್ದು. ನನಗೂ ಅದೇ ಬೇಕಿತ್ತು. ಎಣ್ಣೆಯ ಆಸೆಗೆ ಮಾಡಿದ ತಂಟೆ ಎಷ್ಟೋ. ಅದರ ಬೆಲೆಯನ್ನು ಆಮೇಲೆ ತೆತ್ತೆ.

ಟಾಕೀಸು ಮುಚ್ಚಿತು. ಸಾಬರ ಕಣ್ಣಿಗೂ ಪೊರೆ ಬಂತು. ಅಂಗಡಿ ಖಾಲಿ ಮಾಡುವ ವಾರದಲ್ಲಿ ಗಂಡಹೆಂಡತಿ ಇಬ್ಬರು ಬಂದರು. ಲೋಕಪ್ಪ ರೈಲ್ವೆ ಪಾಯಿಂಟ್ಸ್‌ಮನ್, ಅವನ ಹೆಂಡತಿ ಸುಂದ್ರಮ್ಮ. ಕಡೂರಿಗೆ ಮದುವೆ ಮಾಡಿಕೊಟ್ಟ ಒಬ್ಬಳೇ ಮಗಳು ವೇದಾ ಬಸುರಿಯಾಗಿದ್ದಳು. ಚೊಚ್ಚಲು ಹೆರಿಗೆ, ಬಾಣಂತನ ತವರಿನದ್ದು. ಮಗುವಿಗೆ ಬಟ್ಟೆಬರೆ ಹೊಲಿಯಲು ಹೊಲಿಗೆ ಕಲಿಯಬೇಕೆಂದು ಸುಂದ್ರಮ್ಮ ನಲವತ್ತೇಳನೇ ವಯಸ್ಸಿನಲ್ಲಿ ಹಟ ಹಿಡಿದಿದ್ದಳು.

ಲೋಕಪ್ಪನಿಗೆ ಮೋಟಾರಿನ ಮೆಷಿನ್ನೇ ಬೇಕಿತ್ತು. ಸ್ವಿಚ್ ಒತ್ತಿದರೆ ರೈಲಿನ ಹಾಗೆ ಓಡಬೇಕಂತೆ. ಸಾಬರು ತಲೆಯಾಡಿಸಿದರು.

"ಹೊಸಬ್ರಿಗೆ ಓಡೋ ಮೆಷಿನ್ ಬೇಡಪ್ಪ, ನಿಲ್ಲೋ ಮೆಷಿನ್ ಬೇಕು. ಕಲಿಯೋರ ಕೈ ತಪ್ಪುತ್ತೆ. ತಪ್ಪಿದ ಕೂಡ್ಲೆ ನಿಲ್ಬೇಕು. ಇವ್ನು ನಿಲ್ತಾನೆ. ಕೆಲವು ಸಲ ಬೇಡ ಅಂದ್ರೂ ನಿಲ್ತಾನೆ."

ಸೂಜಿಯಿಂದ ದಾರ ತೆಗೆದು, ನನ್ನ ಪಾದದ ಕೆಳಗೆ ಗೆರೆ ಹಾಕಿದ ಕಾಗದ ಇಟ್ಟು, ತುಳಿಯಮ್ಮ ಅಂದರು. ಗೆರೆಯ ಮೇಲೆ ತೂತು ಸಾಲಾಗಿ ಬೀಳುವವರೆಗೆ ಬಟ್ಟೆ ಮುಟ್ಟಕೂಡದು. ಸುಂದ್ರಮ್ಮ ತುಳಿದಳು. ಗಾಲಿ ಹಿಂದಕ್ಕೆ ತಿರುಗಿತು. ಮತ್ತೆ ತುಳಿದಳು. ತೂತುಗಳು ಗೆರೆ ಬಿಟ್ಟು ಕುಡುಕನ ಹಾಗೆ ಚರಂಡಿ ಕಡೆ ಹೊರಟವು. ಅವಳು ಕಾಗದವನ್ನು ಬೆಳಕಿಗೆ ಹಿಡಿದು ಎಷ್ಟು ನಕ್ಕಳೆಂದರೆ, ಇವಳ ಜೊತೆ ಹೋಗಬಹುದು ಅನ್ನಿಸಿತು ನನಗೆ.

ಹೊರಡುವ ಮುಂಚೆ ಸಾಬರು ಒಂದು ಹಳೆಯ ಬ್ಲೌಸನ್ನು ಒಳಮಗ್ಗುಲು ಮಾಡಿ ತೋರಿಸಿದರು. ಕಂಕುಳಿನಿಂದ ಸೊಂಟದವರೆಗೆ ಪಕ್ಕಪಕ್ಕ ಮೂರು ಸಾಲು ಹೊಲಿಗೆ, ಅದರಾಚೆ ಎರಡು ಬೆರಳು ಮಡಿಸಿದ ಬಟ್ಟೆ.

"ಹೆಣ್ಮಕ್ಕಳ ಮೈ ಒಂದೇ ಥರ ಇರಲ್ಲ ತಾಯಿ. ದಪ್ಪ ಆದ್ರೆ ಒಳಗಿನ ಸಾಲು ಬಿಚ್ಚೋದು. ಇನ್ನೂ ಆದ್ರೆ ಇನ್ನೊಂದು. ಯಾವಾಗ್ಲೂ ಬಿಚ್ಚೋಕೆ ಜಾಗ ಬಿಟ್ಟಿರ್ಬೇಕು."

ಸುಂದ್ರಮ್ಮ ತಲೆಯಾಡಿಸಿದಳು. ಅವಳು ಈ ವಿದ್ಯೆಯನ್ನು ಉಲ್ಟಾ ಬಳಸುತ್ತಾಳೆಂದು ಸಾಬರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ರೈಲ್ವೆ ಕ್ವಾರ್ಟರ್ಸಿನ ಕಿಟಕಿ ಪಕ್ಕ ನನ್ನನ್ನು ಕೂರಿಸಿದರು. ಮೊದಲ ಒಂದೂವರೆ ತಿಂಗಳು ಪೂರ್ತಿ ಕಾಮಿಡಿ ಟ್ರ್ಯಾಕು. ಮೊದಲು ಹೊಲಿದ ದಿಂಬಿನ ಕವರಿನ ನಾಲ್ಕು ಬದಿಯನ್ನೂ ಮುಚ್ಚಿಬಿಟ್ಟು ದಿಂಬು ಎಲ್ಲಿಂದ ತುರುಕುವುದೆಂದು ಹುಡುಕಿದಳು. ಲೋಕಪ್ಪನ ಪಟ್ಟಾಪಟ್ಟಿ ಚಡ್ಡಿಯ ಒಂದು ಕಾಲಿನೊಳಗೆ ಅವನು ಹೇಗೋ ತೂರುತ್ತಿದ್ದ, ಇನ್ನೊಂದರೊಳಗೆ ಸ್ಟೇಷನ್ ಮಾಸ್ಟರನ್ನೂ ಕರೆದುಕೊಂಡು ಹೋಗಬಹುದಿತ್ತು. ಪಾಪ, ಅವನು ಅದನ್ನೇ ಹಾಕಿಕೊಂಡು ಡ್ಯೂಟಿಗೆ ಹೋದ. ಆಮೇಲೆ ಸಂತೆ ಚೀಲ, ಕಿಟಕಿಗೆ ಪರದೆ, ಒಂದು ಬಾಗಿದ ಲಂಗ. ತಿಂಗಳೆರಡಾಗುವಾಗ ಅವಳ ಗೆರೆ ಸಾಬರ ಗೆರೆಯಷ್ಟೇ ನೇರವಾಯಿತು.

ಮಗುವಿಗೆ ಮಾತ್ರ ಅವಳು ಹೊಸ ಬಟ್ಟೆ ಮುಟ್ಟಲಿಲ್ಲ. ಹುಟ್ಟುವ ಮುಂಚೆ ಹೊಸದು ಹೊಲಿದಿಡಬಾರದು ಎನ್ನುವ ಶಾಸ್ತ್ರ. ತನ್ನದೇ ಹಳೆಯ ವಾಯಿಲ್ ಸೀರೆ ಕತ್ತರಿಸಿ ಒಂದು ಕುಲಾವಿ ಹೊಲಿದಳು. ನಿಂಬೆ ಬಣ್ಣ, ನನ್ನ ಪಾದಕ್ಕೆ ಕೂಡ ಮೆತ್ತಗೆನಿಸುವಷ್ಟು ತೊಳೆದ ಬಟ್ಟೆ. ಗದ್ದಕ್ಕೆ ಕಟ್ಟುವ ದಾರ ಇಡಲಿಲ್ಲ. ಮಗುವಿನ ಮುಖ ನೋಡಿ ಅಳತೆಗೆ ಇಡುತ್ತೇನೆ ಎಂದು ನನ್ನ ಡ್ರಾಯರಿನಲ್ಲಿ ಮಡಿಸಿಟ್ಟಳು.

ಆ ಕುಲಾವಿಯ ಅಡಿಗೆ, ಒಂದು ಸೋಮವಾರ, ಒಂದು ಚೀಟಿಯನ್ನೂ ಇಟ್ಟಳು. ಹಾಸನದ ದೊಡ್ಡ ಆಸ್ಪತ್ರೆಯದ್ದು. ತಂಗಿ ಮನೆಗೆ ಹೋಗಿಬರುತ್ತೇನೆ ಎಂದು ಒಬ್ಬಳೇ ಹೋಗಿದ್ದಳು. ಸಂಜೆ ಬಂದು ನನ್ನ ಮುಂದೆ ಕೂತಳು. ದಾರವಿಲ್ಲ, ಬಟ್ಟೆಯಿಲ್ಲ, ಬರೀ ಪೆಡಲು ತುಳಿದಳು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಹೊಟ್ಟೇಲಿ ಗಡ್ಡೆ ಅಂತೆ. ಬೆಂಗಳೂರಿಗೆ ಹೋಗಿ, ನಾಳೆನೇ ಹೋಗಿ ಅಂತಾರೆ. ನಾಳೆ ಹೆಂಗೆ ಹೋಗ್ಲಿ? ಬರೋ ತಿಂಗ್ಳು ಅವ್ಳು ಬತ್ತಾಳೆ. ಬಾಣಂತನ ಒಂದು ಮುಗೀಲಿ. ಆಮೇಲೆ ಯಾವ ಆಸ್ಪತ್ರೆಗೆ ಬೇಕಾದ್ರೂ ನಾನೇ ನಡ್ಕೊಂಡು ಬತ್ತೀನಿ."

ಒಂದು ಸಲವೂ ಕೆಮ್ಮದ ತಾಯಿ. ಟಾಕೀಸಿನ ಗೋಡೆ ನನಗೆ ಅರ್ಧ ಪಾಠ ಮಾತ್ರ ಹೇಳಿಕೊಟ್ಟಿತ್ತು.

ಸೀಮಂತ ಮುಗಿಸಿಕೊಂಡು ವೇದಾ ಏಳನೇ ತಿಂಗಳಲ್ಲಿ ತವರಿಗೆ ಬಂದಳು. ಗುಂಡಗಾಗಿದ್ದಳು, ಬ್ಲೌಸುಗಳೆಲ್ಲ ಬಿಗಿ. ಸುಂದ್ರಮ್ಮ ಅವನ್ನು ಒಳಮಗ್ಗುಲು ಮಾಡಿ ಒಂದೊಂದು ಸಾಲು ಬಿಚ್ಚಿಕೊಟ್ಟಳು. ಮಧ್ಯಾಹ್ನ ಮಗಳು ಮಲಗಿದ ಮೇಲೆ ಬಾಗಿಲು ಮುಂದೆ ಮಾಡಿ ತನ್ನ ಬ್ಲೌಸುಗಳನ್ನು ತರುತ್ತಿದ್ದಳು. ಅವಕ್ಕೆ ಒಳಗಡೆ ಒಂದೊಂದು ಸಾಲು ಹಾಕುತ್ತಿದ್ದಳು. ಸಡಿಲ ಬ್ಲೌಸು ಹೆಗಲಿನಿಂದ ಜಾರಿ, ಆದದ್ದನ್ನೆಲ್ಲ ಊರಿಗೆ ಹೇಳಿಬಿಡುತ್ತದೆ. ಬಿಗಿಯಾಗಿ ಕೂತರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಮೇಲೆ ಸೆರಗು ಹೊದ್ದುಕೊಂಡರೆ ಮುಗಿಯಿತು.

ಒಂದೇ ಸೂಜಿಯ ಕೆಳಗೆ ಮಗಳು ಅಗಲವಾಗುತ್ತಿದ್ದಳು, ತಾಯಿ ಕಿರಿದಾಗುತ್ತಿದ್ದಳು. ಎರಡು ಕಡೆಯ ಅಳತೆಯೂ ಗೊತ್ತಿದ್ದದ್ದು ನನಗೊಬ್ಬನಿಗೇ. ಬ್ಲೌಸಿನಲ್ಲಿ ಮೊದಲೇ ಇದ್ದ ಸಾಲುಗಳ ಒಳಗೆ ಅವಳದ್ದು ಮೊದಲನೇದು, ಹದಿನೈದು ದಿನಕ್ಕೆ ಎರಡನೇದು, ಹತ್ತು ದಿನಕ್ಕೆ ಮೂರನೇದು.

"ಏನವ್ವ, ಮುಖ ಇಷ್ಟು ಇಳಿದೈತೆ?" ಎಂದು ವೇದಾ ಒಂದು ದಿನ ಕೇಳಿದಳು.

"ಈ ದೆವ್ವನ್ನ ತುಳಿದೂ ತುಳಿದೂ ಕಣೇ," ಎಂದು ಸುಂದ್ರಮ್ಮ ನನ್ನ ಬೆನ್ನ ಮೇಲೆ ಒಂದು ತಟ್ಟಿದಳು.

ಮಗಳು ನಕ್ಕಳು. ಮಾಡದ ಕೊಲೆಗೆ ಜೈಲಿಗೆ ಹೋಗುವ ಹೀರೋಗಳ ಸಂಕಟ ಅವತ್ತು ನನಗೆ ತಿಳಿಯಿತು. ಅವರಿಗಾದರೂ ಕೋರ್ಟಿನಲ್ಲಿ ಒಂದು ಡೈಲಾಗ್ ಹೊಡೆಯುವ ಅವಕಾಶ ಇರುತ್ತದೆ. ನನಗಿದ್ದದ್ದು ಟಕಟಕ ಒಂದೇ.

ನಾಲ್ಕನೇ ಸಾಲಿನ ಹೊತ್ತಿಗೆ ನಾನು ನಿರ್ಧಾರ ಮಾಡಿದೆ. ಅವಳ ಬ್ಲೌಸು ಪಾದದಡಿಗೆ ಬಂದ ಕೂಡಲೇ ದಾರ ಕಡಿದೆ. ಅವಳು ಮತ್ತೆ ಪೋಣಿಸಿದಳು. ಮತ್ತೆ ಕಡಿದೆ. ಸೂಜಿ ಮುರಿದೆ. ಅವಳು ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಎಣ್ಣೆ ಡಬ್ಬಿ ತಂದು, ನನ್ನ ನೆತ್ತಿಗೆ ಎರಡು ಹನಿ ಬಿಟ್ಟಳು. ಸಾಬರು ಹೇಳಿಕೊಟ್ಟಿದ್ದರಲ್ಲ, ಇವನದ್ದು ಬರೀ ನಖರಾ ಎಂದು. ಇಪ್ಪತ್ತಾರು ವರ್ಷ ಆಸೆಪಟ್ಟು ಕುಡಿದ ಎಣ್ಣೆ ಅವತ್ತು ಗಂಟಲಲ್ಲಿ ಇಳಿಯಲಿಲ್ಲ. ಅವಳು ನಾಲ್ಕನೇ ಸಾಲು ಮುಗಿಸಿದಳು.

ಐದನೇ ಸಾಲು ಶುರುವಾದದ್ದು ಒಂದು ಗುರುವಾರ, ಹಸಿರು ಬ್ಲೌಸಿಗೆ. ವೇದಾಗೆ ಒಂಬತ್ತರಲ್ಲಿ ಐದು ದಿನ ಕಳೆದಿತ್ತು. ನಾನು ದಾರ ಕಡಿಯಲಿಲ್ಲ. ಕಂಕುಳಿನಿಂದ ಎರಡು ಅಂಗುಲ ಹೊಲಿಯಲು ಬಿಟ್ಟೆ. ಆಮೇಲೆ ಬಾಬಿನ್ನಿನ ದಾರವನ್ನೆಲ್ಲ ಬಟ್ಟೆ ಸಮೇತ ಒಳಕ್ಕೆ ಎಳೆದುಕೊಂಡು, ಹಲ್ಲು ಕಚ್ಚಿ ನಿಂತೆ. ಅವಳು ಗಾಲಿ ತಿರುಗಿಸಿದಳು, ಎಳೆದಳು, ಜಗ್ಗಿದಳು. ಬಿಡಲಿಲ್ಲ. ಜಗ್ಗುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಕತ್ತರಿ ತರಲು ಎದ್ದವಳು ಅಡುಗೆಮನೆಯ ಹೊಸ್ತಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಳು.

ಅಷ್ಟರಲ್ಲಿ ವೇದಾ ಎದ್ದು ಬಂದಳು. ನನ್ನ ಬಾಯಲ್ಲಿ ಒಳಮಗ್ಗುಲಾಗಿ ಕಚ್ಚಿಕೊಂಡ ಬ್ಲೌಸು ಕಂಡಳು. ಬೆರಳಿಟ್ಟು ಸಾಲು ಎಣಿಸಿದಳು. ಮತ್ತೆ ಎಣಿಸಿದಳು.

"ಅವ್ವ, ಇದು ಯಾರ್ದು?"

"ನಿಂದೇ ಕಣೇ. ಹೈಸ್ಕೂಲಲ್ಲಿ ಹಾಕ್ಕೊಂತಿದ್ದ ಹಳೇದು."

"ಹೈಸ್ಕೂಲಿಗೆ ನಾನು ಹಸಿರು ಬ್ಲೌಸ್ ಹಾಕಿರ್ಲಿಲ್ಲ."

ವೇದಾ ಹೊಟ್ಟೆ ಹೊತ್ತುಕೊಂಡು ಕಷ್ಟಪಟ್ಟು ತಾಯಿಯ ಪಕ್ಕ ನೆಲಕ್ಕೆ ಕೂತಳು. ಸೆರಗು ಸರಿಸಿದಳು. ಮೂಳೆ ಎದ್ದ ಪಕ್ಕೆಯ ಮೇಲೆ ಕೈಯಿಟ್ಟಳು. ಗೋಡೆಯಾಚೆ ನಾನು ಕೇಳಿದ ತಾಯಿಮಕ್ಕಳೆಲ್ಲ ಇಂಥ ಹೊತ್ತಿನಲ್ಲಿ ಚೀರುತ್ತಿದ್ದರು, ಪಿಟೀಲು ಕೂಗುತ್ತಿತ್ತು. ಇಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ಸದ್ದು ಮಾತ್ರ.

ಮಾರನೆಯ ಬೆಳಿಗ್ಗೆ ಲೋಕಪ್ಪ ಕಾರು ತಂದ. ಅವನ ಮುಖವನ್ನು ನಾನು ನೋಡಲಾರದೆ ಹೋದೆ. ವೇದಾಳನ್ನು ಬಾಣಂತನಕ್ಕೆ ಕಡೂರಿಗೇ ಕರೆದೊಯ್ಯುತ್ತೇವೆ ಎಂದು ಅವಳ ಅತ್ತೆ ಆಗಲೇ ಫೋನು ಮಾಡಿದ್ದರು. ಸುಂದ್ರಮ್ಮ ಹೊರಡುವ ಮುಂಚೆ ನನ್ನ ಹತ್ತಿರ ಬಂದಳು. ಹಸಿರು ಬ್ಲೌಸನ್ನು ಬಿಡಿಸಿ ಡ್ರಾಯರಿಗೆ ಹಾಕಿದಳು. ನನ್ನ ನೆತ್ತಿಗೆ ಎಣ್ಣೆ ಬಿಟ್ಟಳು.

"ಇನ್ನೊಂದೆರಡು ತಿಂಗ್ಳು ಸುಮ್ನೆ ಇದ್ದಿದ್ರೆ ನಿಂಗೇನು ಹೋಗ್ತಿತ್ತು?" ಎಂದಳು. ಕೋಪವಿರಲಿಲ್ಲ. ಅದಕ್ಕೇ ಇವತ್ತಿಗೂ ನೆನಪಿದೆ.

ಮುಂದಿನದ್ದು ನಾನು ಕಂಡದ್ದಲ್ಲ, ಲೋಕಪ್ಪ ಪಕ್ಕದ ಕ್ವಾರ್ಟರ್ಸಿನವರಿಗೆ ಹೇಳುವಾಗ ಕೇಳಿದ್ದು. ತಡವಾಯಿತು ಎಂದರಂತೆ ಬೆಂಗಳೂರಿನ ಡಾಕ್ಟರು. ಮೂರು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತಂತೆ. ಹಾಸನಕ್ಕೇ ವಾಪಸ್ಸು ಕಳಿಸಿದರು. ವೇದಾ ಕಡೂರಿಗೆ ಹೋಗುವುದಿಲ್ಲ ಎಂದು ಕೂತಳು. ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಹೆತ್ತಳು, ಹೆಣ್ಣು ಮಗು. ಲೋಕಪ್ಪ ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಗಂಜಿ ಹಿಡಿದು ಮೆಟ್ಟಿಲು ಹತ್ತಿ ಇಳಿದ. ಮೂರನೇ ದಿನದಿಂದ ವೇದಾ ಮಗುವನ್ನೆತ್ತಿಕೊಂಡು ತಾಯಿಯ ವಾರ್ಡಿಗೇ ಬಂದು ಕೂತಳಂತೆ. ಸುಂದ್ರಮ್ಮ ಮಲಗಿದಲ್ಲೇ ಬಾಣಂತನ ಮಾಡಿದಳು, ಬರೀ ಬಾಯಿಮಾತಿನಲ್ಲಿ. ಕಿವಿಗೆ ಹತ್ತಿ ಇಟ್ಕೋ. ತಲೆಗೆ ಬಟ್ಟೆ ಕಟ್ಕೋ. ತಣ್ಣೀರು ಮುಟ್ಬೇಡ. ಮಗೂ ನೆತ್ತಿ ಹಿಂಗೆ ನೀವು. ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಹೇಳುವವರು ಇರಲಿಲ್ಲ.

ಕುಲಾವಿ ಇಲ್ಲೇ, ನನ್ನ ಡ್ರಾಯರಿನಲ್ಲೇ ಇತ್ತು. ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ವೇದಾ ನನ್ನ ಮುಂದೆ ಬಂದು ಕೂತಳು. ಡ್ರಾಯರು ತೆಗೆದಳು. ಚೀಟಿ ಓದಿದಳು, ಮಡಿಸಿದಳು. ಕುಲಾವಿಯನ್ನು ಮಗುವಿನ ತಲೆಗೆ ಹಿಡಿದು ನೋಡಿದಳು. ಮಗು ಆಗಲೇ ಬೆಳೆದುಬಿಟ್ಟಿತ್ತು. ಆದರೂ ಎರಡು ದಾರ ಹಚ್ಚಿ ಮುಗಿಸಿದಳು. ನಾನು ಉಸಿರು ಬಿಗಿಹಿಡಿದು, ಒಂದು ಎಳೆಯೂ ತಪ್ಪದಂತೆ ಹೊಲಿದುಕೊಟ್ಟೆ.

ಆಮೇಲೆ ಹಸಿರು ಬ್ಲೌಸು ಎತ್ತಿಕೊಂಡಳು. ಬ್ಲೇಡಿನ ಮೂಲೆಯಿಂದ ನಾಲ್ಕನೇ ಸಾಲು ಬಿಚ್ಚಿದಳು. ಮೂರನೇದು, ಎರಡನೇದು, ಮೊದಲನೇದು. ಒಂದೊಂದು ಸಾಲು ಹೋದಂತೆ ಬ್ಲೌಸು ಸ್ವಲ್ಪ ಸ್ವಲ್ಪವೇ ಮೈ ತುಂಬಿಕೊಳ್ಳುತ್ತ ಬಂತು. ಕಾಗದ ಬೆಳಕಿಗೆ ಹಿಡಿದು ನಕ್ಕ ಸುಂದ್ರಮ್ಮನ ಅಳತೆಗೆ ಬಂದು ನಿಂತಿತು. ವೇದಾ ಹಾಕಿಕೊಂಡು ನೋಡಿದಳು. ಬಾಣಂತಿ ಮೈಗೆ ಸರಿಯಾಗಿ ಕೂತಿತು. ಐದನೇ ಸಾಲಿನ ಎರಡು ಅಂಗುಲ, ನಾನು ಕಚ್ಚಿ ಹಿಡಿದ ಗಂಟು, ಅದೊಂದು ಬರಲಿಲ್ಲ. ಎಳೆದರೆ ಬಟ್ಟೆ ಹರಿಯುತ್ತಿತ್ತು. ಬಿಟ್ಟಳು.

ಈಗ ನಾನು ಕಡೂರಿನ ಅವಳ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಬೆಲ್ಟು ಹರಿದು ವರ್ಷಗಳಾದವು. ಮೈಮೇಲಿನ ಬಳ್ಳಿ ಅಳಿಸಿಹೋಗಿದೆ, ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕೂತಿದೆ. ಸುಂದ್ರಮ್ಮನ ಮೊಮ್ಮಗಳಿಗೆ ಹೊಸ ಮೋಟಾರ್ ಮೆಷಿನ್ನು ತಂದಿದ್ದಾರೆ. ಬಹಳ ಚೆನ್ನಾಗಿ ಓಡುತ್ತದೆ. ನಿಲ್ಲುವುದು ಹೇಗೋ ನೋಡಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ, ಗೋಡೆಯಾಚೆಯ ಯಾವ ಸಿನಿಮಾವೂ ನನಗೆ ಹೇಳಿಕೊಟ್ಟಿಲ್ಲ. ನಾನು ನಿಂತದ್ದರಿಂದ ಅವಳು ಬದುಕಲಿಲ್ಲ. ನಿಲ್ಲದಿದ್ದರೆ ಆ ಕ್ವಾರ್ಟರ್ಸಿನಲ್ಲೇ, ತನ್ನ ಕೈಯಾರೆ ಮಗುವಿಗೆ ಎಣ್ಣೆ ನೀರು ಹಾಕಿ ಹೋಗುತ್ತಿದ್ದಳೋ ಏನೋ. ವರ್ಷಕ್ಕೊಂದು ಸಲ, ಸುಂದ್ರಮ್ಮನ ಎಡೆಯ ದಿನ, ವೇದಾ ಆ ಹಸಿರು ಬ್ಲೌಸು ಹಾಕಿಕೊಂಡು ಈ ಕೋಣೆಗೆ ಬಂದು ಇಸ್ತ್ರಿಪೆಟ್ಟಿಗೆ ಇಳಿಸುತ್ತಾಳೆ. ಓಡದ ನನ್ನ ನೆತ್ತಿಗೆ ಎರಡು ಹನಿ ಎಣ್ಣೆ ಬಿಡುತ್ತಾಳೆ. ಬಗ್ಗಿದಾಗ ಅವಳ ಕಂಕುಳ ಹತ್ತಿರ ಆ ಗಂಟು ಎಳೆದ ಸುಕ್ಕು ಕಾಣುತ್ತದೆ. ಅವಳ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ, ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ.